ಆಪ್ತಸಲಹೆ ಪ್ರಕರಣ: ‘ತಾಯಿಯಿಂದ ಬಂದ’ ಗ್ಲಾಕೋಮಾ

ಕಳೆದ ಎರಡು ವರ್ಷಗಳಲ್ಲಿ ಒಂದೇ ತಪ್ಪು ತಿಳಿವಳಿಕೆಯನ್ನು ಹೊತ್ತು ಮೂರು ಕುಟುಂಬಗಳು ನನ್ನೆದುರು ಕುಳಿತಿವೆ. ಕಣ್ಣಿನ ನರವನ್ನು ಕೆಡಿಸಿ ನೋಟ ಕಸಿಯುವ ಗ್ಲಾಕೋಮಾದಲ್ಲಿ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಕೆಡುತ್ತದೆ ಎಂದು ಎಲ್ಲಿಯೋ ಓದಿರುತ್ತಾರೆ. ಮೈಟೊಕಾಂಡ್ರಿಯದ ವಂಶವಾಹಿ ತಾಯಿಯಿಂದ ಮಾತ್ರ ಬರುತ್ತದೆ ಎಂಬ ಶಾಲೆಯ ಪಾಠವನ್ನು ಅದಕ್ಕೆ ಸೇರಿಸಿ ಕಾಯಿಲೆಯನ್ನು ಹೆತ್ತವಳ ತಲೆಗೆ ಕಟ್ಟುತ್ತಾರೆ. ಅವುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ ಒಂದು ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಮುಂಬಯಿಯ ಮಾಟುಂಗಾದ ಕಣ್ಣಿನ ಚಿಕಿತ್ಸಾಲಯವೊಂದರಲ್ಲಿ ನಾನು ವಾರಕ್ಕೆರಡು ದಿನ ಆಪ್ತಸಲಹೆಗೆ ಕೂರುತ್ತೇನೆ. ಈ ಕುಟುಂಬದವರು ಡೊಂಬಿವಲಿಯಲ್ಲಿ ನೆಲೆಸಿದ, ಮೂಲತಃ ಕುಂದಾಪುರದ ಕಡೆಯವರು. ತಂದೆ ಚಿಕ್ಕಂದಿನಲ್ಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು, ಈಗಿಲ್ಲ. ಮಗನಿಗೆ 36 ವರ್ಷ, ಒಂಬತ್ತು ವರ್ಷದ ಮಗಳಿದ್ದಾಳೆ. ಎರಡೂ ಕಣ್ಣುಗಳ ಒತ್ತಡ ಹೆಚ್ಚಿದ್ದು, ಎಡಗಣ್ಣಿನ ಕೆಳಭಾಗದ ನೋಟ ಆಗಲೇ ಹೋಗಿತ್ತು. ಹನಿಮದ್ದನ್ನು ಸರಿಯಾಗಿ ಹಾಕಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ವೈದ್ಯರು ಅವರನ್ನು ನನ್ನ ಬಳಿಗೆ ಕಳಿಸಿದ್ದರು.

ಅವರು ತಂದಿದ್ದ ಹಾಳೆಗಳಲ್ಲಿ ಇದ್ದದ್ದು ಸುಳ್ಳಲ್ಲ. ಅಕ್ಷಿಪಟಲದಿಂದ ಮಿದುಳಿಗೆ ಸುದ್ದಿ ಒಯ್ಯುವ ನರತಂತುಗಳು ಒಂದೊಂದು ಕಣ್ಣಿನಲ್ಲೂ ಹತ್ತು ಲಕ್ಷದಷ್ಟಿವೆ. ಅವು ಕಣ್ಣುಗುಡ್ಡೆಯನ್ನು ದಾಟುವ ತನಕ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯಿಲ್ಲದೆ ಸಾಗುವುದರಿಂದ ಶಕ್ತಿಯನ್ನು ಬಹಳ ಬೇಡುತ್ತವೆ, ಆದ್ದರಿಂದಲೇ ಆ ಭಾಗದಲ್ಲಿ ಮೈಟೊಕಾಂಡ್ರಿಯ ದಟ್ಟವಾಗಿರುತ್ತದೆ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಸೈಮನ್ ಜಾನ್ ಅವರ ತಂಡ, ವಂಶಪಾರಂಪರ್ಯವಾಗಿ ಗ್ಲಾಕೋಮಾ ಬರುವ ಇಲಿಗಳನ್ನು ಪರೀಕ್ಷಿಸಿ, ವಯಸ್ಸಾದಂತೆ ಅಕ್ಷಿಪಟಲದಲ್ಲಿ ಕೋಶಗಳು ಶಕ್ತಿ ತಯಾರಿಸಲು ಬೇಕಾದ ಎನ್‌ಎಡಿ ಎಂಬ ಅಣುವಿನ ಪ್ರಮಾಣ ಕುಗ್ಗುವುದನ್ನೂ, ವಿಟಮಿನ್ ಬಿ3ರ ಒಂದು ರೂಪವಾದ ನಿಕೋಟಿನಮೈಡ್ ಕೊಟ್ಟರೆ ನರಕೋಶಗಳು ಉಳಿಯುವುದನ್ನೂ 2017ರಲ್ಲಿ ಪ್ರಕಟಿಸಿತು. ಇದನ್ನು ಓದಿದ ಇವರು ಹನಿಮದ್ದನ್ನು ದಿನ ಬಿಟ್ಟು ದಿನಕ್ಕೆ ಇಳಿಸಿ, ಆನ್‌ಲೈನಿನಲ್ಲಿ ಬಿ3 ಮಾತ್ರೆ ತರಿಸಿ ನುಂಗುತ್ತಿದ್ದರು.

ಎರಡನೆಯ ಭೇಟಿಗೆ ತಾಯಿಯೂ ಬಂದರು. ಮಗ ಹಾಳೆಯೊಂದರ ಮೇಲೆ ಗೆರೆ ಎಳೆದು, ಅಜ್ಜಿಯಿಂದ ತಾಯಿಗೆ, ತಾಯಿಯಿಂದ ತನಗೆ ಎಂದು ತೋರಿಸಿ, ತನ್ನ ಬಳಿ ಬಂದಾಗ ಆ ಗೆರೆಯನ್ನು ನಿಲ್ಲಿಸಿದರು. “ಗಂಡಸಿನಿಂದ ಇದು ಮುಂದೆ ಹೋಗುವುದಿಲ್ಲ. ನನ್ನ ಮಗಳಿಗೆ ಭಯವಿಲ್ಲ” ಎಂದರು. ತಾಯಿ ಆ ಗೆರೆಯನ್ನೇ ನೋಡುತ್ತ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಮಾತು ಬೇರೆ ಕಡೆಗೆ ಹೊರಳಲೆಂದು, ಓಡಾಟಕ್ಕೆ ಏನು ತೊಂದರೆ ಎಂದು ಕೇಳಿದೆ. ಸಂಜೆ ದಾದರಿನ ಸೇತುವೆ ಇಳಿಯುವಾಗ ಮೆಟ್ಟಿಲು ಎಣಿಸಬೇಕಾಗುತ್ತದೆ ಎಂದು ಮಗ ಹೇಳುತ್ತಿದ್ದಂತೆ ತಾಯಿ ಬಾಯಿ ತೆರೆದರು: “ಇವನ ಅಪ್ಪನೂ ಎಣಿಸಿಯೇ ಇಳಿಯುತ್ತಿದ್ದರಲ್ಲ. ಕೊನೆಕೊನೆಗೆ ನನ್ನ ಭುಜ ಹಿಡಿದುಕೊಳ್ಳುತ್ತಿದ್ದರು. ಊರಿನಲ್ಲಿ ಇವನ ದೊಡ್ಡಪ್ಪನಿಗೂ ಹಾಗೇ. ಪೊರೆ ತೆಗೆಸಿದರೂ ಅವರಿಗೆ ಕಣ್ಣು ಬರಲಿಲ್ಲ.”

ನಾನು ಹಾಳೆಯನ್ನು ನನ್ನ ಕಡೆಗೆ ಎಳೆದುಕೊಂಡೆ. ತಂದೆ, ತಂದೆಯ ಅಣ್ಣ, ಮಗ. ಮೈಟೊಕಾಂಡ್ರಿಯದೊಳಗಿನ ಡಿಎನ್‌ಎಯಲ್ಲಿ ಇರುವುದು 37 ವಂಶವಾಹಿಗಳು ಮಾತ್ರ. ಮೈಟೊಕಾಂಡ್ರಿಯ ಕೆಲಸ ಮಾಡಲು ಬೇಕಾದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ಸೂಚನೆ ಇರುವುದು ತಂದೆತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ವರ್ಣತಂತುಗಳಲ್ಲಿ. ಲೆಬರ್ ದೃಷ್ಟಿನರ ರೋಗದಂತೆ ತಾಯಿಯ ಕಡೆಯಿಂದಲೇ ಬರುವ ಬೇರೆ ಕಾಯಿಲೆಗಳಿವೆ, ಆದರೆ ಇದು ಅದಲ್ಲ. ಗ್ಲಾಕೋಮಾಕ್ಕೆ ಸಂಬಂಧಿಸಿದಂತೆ 1997ರಲ್ಲಿ ಗುರುತಿಸಲಾದ ಮಯೋಸಿಲಿನ್ ವಂಶವಾಹಿ ಇರುವುದು ಒಂದನೆಯ ವರ್ಣತಂತುವಿನಲ್ಲಿ. ಅದು ಕೆಟ್ಟಾಗ ತಪ್ಪಾಗಿ ಮಡಿಚಿದ ಪ್ರೋಟೀನು ಕಣ್ಣಿನ ದ್ರವ ಹೊರಹೋಗುವ ಜಾಲರಿಯ ಕೋಶಗಳಲ್ಲೇ ಉಳಿದು ಒತ್ತಡ ಏರುತ್ತದೆ. ಆ ಒತ್ತಡ ಮತ್ತು ವಯಸ್ಸು ಸೇರಿ ನರತಂತುಗಳ ಮೈಟೊಕಾಂಡ್ರಿಯವನ್ನು ದಣಿಸುತ್ತವೆ. ಮೈಟೊಕಾಂಡ್ರಿಯ ಇಲ್ಲಿ ಪೆಟ್ಟು ತಿನ್ನುವ ಜಾಗ, ಕಾಯಿಲೆ ಮನೆಗೆ ಬಂದ ದಾರಿಯಲ್ಲ. ಇವರಲ್ಲಿ ಕೆಟ್ಟಿರುವ ವಂಶವಾಹಿ ಯಾವುದೆಂದು ಪರೀಕ್ಷೆಯಾಗದೆ ಹೇಳಲಾಗದು. ಆದರೆ ಕಾಯಿಲೆ ತಂದೆಯಿಂದ ಮಗನಿಗೆ ಇಳಿದಿದ್ದರೆ ತಾಯಿಯ ಕಡೆಯಿಂದ ಎಳೆದ ಆ ಗೆರೆ ತಪ್ಪು, ಕಾಯಿಲೆ ಮಗಳಿಗೂ ಇಳಿಯಬಹುದು ಎಂದೆ.

ತಾಯಿ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಟ್ಟರು. ಮಗನ ಮುಖ ಕಪ್ಪಿಟ್ಟಿತು. ತಾಯಿಯ ಮೇಲಿನ ಆ ಆರೋಪದೊಳಗೆ ಮಗಳ ರಕ್ಷಣೆಯೂ ಅಡಗಿತ್ತು ಎಂಬುದು ನನಗೆ ಪೂರ್ತಿ ತಿಳಿದದ್ದು ಆ ಕ್ಷಣದಲ್ಲಿ. ಒಂದನ್ನು ಕಿತ್ತು ಇನ್ನೊಂದನ್ನು ಉಳಿಸಲು ಸಾಧ್ಯವಿರಲಿಲ್ಲ. ಅಷ್ಟು ಅವಸರ ಬೇಡವಿತ್ತು, ಇನ್ನೆರಡು ಭೇಟಿ ಕಾಯಬಹುದಿತ್ತು ಎಂದು ಸಹೋದ್ಯೋಗಿಯೊಬ್ಬರು ನಂತರ ಹೇಳಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನೋವು ಕೊಡದೆ ನೋಟವನ್ನು ತಿನ್ನುವ ಕಾಯಿಲೆಯಿದು. ಹೋದ ನೋಟ ಮರಳುವುದಿಲ್ಲ. ಒಂಬತ್ತು ವರ್ಷದ ಮಗುವಿನ ತಪಾಸಣೆಯನ್ನು ತಂದೆಯ ನೆಮ್ಮದಿಗಾಗಿ ಮುಂದೂಡುವ ಅಧಿಕಾರ ನನಗಿದೆ ಎಂದು ನಾನು ಭಾವಿಸುವುದಿಲ್ಲ. ಆದರೂ ಆ ರಾತ್ರಿ ಅವರ ಮುಖ ಕಣ್ಣ ಮುಂದಿನಿಂದ ಹೋಗಲಿಲ್ಲ ಎಂಬುದನ್ನು ಮರೆಮಾಚಲಾರೆ.

ಮಾತ್ರೆಯ ವಿಷಯದಲ್ಲಿ ಖಂಡಿತವಾಗಿಯೇ ಹೇಳಿದೆ. ಮೆಲ್ಬರ್ನಿನಲ್ಲಿ 57 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಕೋಟಿನಮೈಡ್ ಕೊಟ್ಟದ್ದು ಒತ್ತಡ ಇಳಿಸುವ ಚಿಕಿತ್ಸೆಯ ಜೊತೆಗೆ, ಅದರ ಬದಲಿಗೆ ಅಲ್ಲ. ಅಕ್ಷಿಪಟಲದ ಕಾರ್ಯ ಕೆಲವರಲ್ಲಿ ಸುಧಾರಿಸಿದ್ದು ನಿಜ, ಆದರೆ ಅದು ಕೆಲವೇ ವಾರಗಳ ಪರೀಕ್ಷೆ. ದೊಡ್ಡ ಪ್ರಮಾಣದಲ್ಲಿ ಅದು ಯಕೃತ್ತಿಗೆ ಹಾನಿ ಮಾಡಬಲ್ಲದು. ಇವರು ತರಿಸಿದ್ದಂತೂ ನಿಕೋಟಿನಮೈಡೇ ಅಲ್ಲ, ಬಿ3ರ ಇನ್ನೊಂದು ರೂಪವಾದ ನಿಯಾಸಿನ್. ನುಂಗಿದಾಗಲೆಲ್ಲ ಮುಖ ಕೆಂಪೇರಿ ಉರಿಯುತ್ತಿದ್ದದ್ದು ಅದರಿಂದ. ಮಾತ್ರೆ ಬೇಕೆನಿಸಿದರೆ ವೈದ್ಯರನ್ನು ಕೇಳಿ ರಕ್ತಪರೀಕ್ಷೆಯೊಂದಿಗೆ ತೆಗೆದುಕೊಳ್ಳಿ, ಹನಿಮದ್ದನ್ನು ಮಾತ್ರ ಒಂದು ರಾತ್ರಿಯೂ ತಪ್ಪಿಸಬೇಡಿ ಎಂದೆ.

ಮೂರು ವಾರಗಳ ನಂತರ ತಾಯಿ ಗಂಡನ ಹಳೆಯ ಕಾಗದಗಳ ಕಟ್ಟನ್ನು ತಂದರು. ಅದರಲ್ಲಿ ಕಣ್ಣಿನ ಒತ್ತಡ ಇಳಿಸಲು ಕೊಡುವ ಟಿಮೊಲಾಲ್ ಹನಿಮದ್ದಿನ ಚೀಟಿಯಿತ್ತು. ಮೊಮ್ಮಗಳ ತಪಾಸಣೆಯಾಗಿತ್ತು, ಈಗ ಏನೂ ಇಲ್ಲ, ವರ್ಷಕ್ಕೊಮ್ಮೆ ತೋರಿಸಬೇಕು. ಮಗ ನನ್ನೊಡನೆ ಹೆಚ್ಚು ಮಾತಾಡಲಿಲ್ಲ, ಆದರೆ ಹನಿಮದ್ದಿನ ಹೊತ್ತನ್ನು ಗುರುತು ಹಾಕಿದ ಕ್ಯಾಲೆಂಡರಿನ ಹಾಳೆಯನ್ನು ಮೇಜಿನ ಮೇಲಿಟ್ಟರು. ದೊಡ್ಡಪ್ಪನ ಮಕ್ಕಳು ನಾಲ್ವರು ಊರಿನಲ್ಲಿದ್ದಾರೆ, ಡಾಕ್ಟರ ಬಳಿ ಏನು ಕೇಳಬೇಕೆಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡಿ ಎಂದು ತಾಯಿ ಕೇಳಿದರು. “ಮನೆಯಲ್ಲಿ ಗ್ಲಾಕೋಮಾ ಇದೆ. ಕನ್ನಡಕದ ನಂಬರು ನೋಡಿದರೆ ಸಾಲದು, ಕಣ್ಣಿನ ಒತ್ತಡ ಅಳೆದು, ಹಿಂದಿನ ನರವನ್ನು ನೋಡಿ” ಎಂದು ಬರೆದುಕೊಟ್ಟೆ.