ಶಹಾಪುರದ ಆಡು ಕಂದು ಹಾಕಿದ ಪ್ರಶ್ನೆಗೆ

ಎರಡು ಆಡು ನಾಲ್ಕನೇ ತಿಂಗಳಲ್ಲಿ ಕಂದು ಹಾಕಿದವು, ಪಕ್ಕದ ಎಮ್ಮೆಗೆ ಏನೂ ಆಗಿಲ್ಲ ಯಾಕೆ ಅಂತ ಕೇಳಿದ್ದೀರಿ. ಗಬ್ಬ ಬೀಳಿಸುವ ಬ್ರುಸೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅದರಲ್ಲಿ ಮೆಲಿಟೆನ್ಸಿಸ್ ಜಾತಿ ಆಡು-ಕುರಿಗೆ ಒಗ್ಗಿದ್ದು, ಅಬಾರ್ಟಸ್ ದನ-ಎಮ್ಮೆಗೆ. ಗಬ್ಬದ ಆಡಿನ ಮಾಸಿನಲ್ಲಿ ಎರಿಥ್ರಿಟಾಲ್ ಅನ್ನುವ ಸಿಹಿ ವಸ್ತು ಇರುತ್ತದೆ. ಅದು ಸಿಕ್ಕರೆ ಈ ಬ್ಯಾಕ್ಟೀರಿಯಾಕ್ಕೆ ಹಬ್ಬ. ಹಾಗಂತ ಎಮ್ಮೆ ಬಚಾವ್ ಅಂದುಕೊಳ್ಳಬೇಡಿ, ಆಡಿನ ಜಾತಿ ಎಮ್ಮೆಗೂ ದಾಟಬಹುದು, ಗಡಿ ಅಷ್ಟು ಗಟ್ಟಿಯಿಲ್ಲ.

ಮೊದಲು ಆ ಎರಡನ್ನೂ ಬೇರೆ ಕಟ್ಟಿ. ಬಿದ್ದ ಮಾಸನ್ನು ಬರಿಗೈಲಿ ಮುಟ್ಟದೆ, ಸುಣ್ಣ ಹಾಕಿ ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಆಮೇಲೆ ಪಶು ಆಸ್ಪತ್ರೆಯಲ್ಲಿ ಆಡಿನ ರಕ್ತ ಕೊಟ್ಟು, ಬ್ರುಸೆಲ್ಲಾ ಪತ್ತೆಗೆ ಮಾಡುವ ರೋಸ್ ಬೆಂಗಾಲ್ ಪರೀಕ್ಷೆ ಕೇಳಿ. ಕ್ಲಮೈಡಿಯಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದಿಂದಲೂ ಹೀಗಾಗುತ್ತದೆ, ನೋಡಿ ಹೇಳಲಾಗದು. ನಾನು ಪರೀಕ್ಷೆ ಮಾಡಿಸದೆ ಸುಮ್ನೆ ಇಂಜೆಕ್ಷನ್ ಹಾಕಿಸಿ ತಿಂಗಳು ಕಳೆದೆ. ಬ್ರುಸೆಲ್ಲಾ ಮನುಷ್ಯರಿಗೂ ತಗಲುತ್ತದೆ, ಹಾಲು ಕುದಿಸಿಯೇ ಕುಡಿಯಿರಿ. ಮನೆಯಲ್ಲಿ ಯಾರಿಗಾದರೂ ಬಿಟ್ಟು ಬಿಟ್ಟು ಜ್ವರ, ಕೀಲುನೋವು ಬಂದರೆ ಆಡು ಸಾಕಿದ್ದೇವೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.