‘ಅಕ್ರಾಸ್ ದ ಬೋರ್ಡ್’ ಅಂದ್ರ ಎಲ್ಲರಿಗೂ ಅಂತನಾ, ಎಲ್ಲರಿಗೂ ಅಷ್ಟಷ್ಟೇ ಅಂತನಾ?

‘ಸ್ಯಾಲರಿ ಇನ್‌ಕ್ರೀಸ್ಡ್ ಅಕ್ರಾಸ್ ಬೋರ್ಡ್’ ಅಂತ ಬರ್ದೀನಿ, ಸರಿ ಐತೇನು, ಹೈಫನ್ ಬೇಕಾ ಅಂತ ಕೇಳೀರಿ. ಮೊದ್ಲು ನಡುವೆ ಇಂಗ್ಲಿಷಿನ ಒಂದು ‘ದ’ (the) ಹಾಕ್ರಿ, ಅದು ಇಲ್ದಿದ್ರ ನಡಿಯಂಗಿಲ್ಲ. ಕನ್ನಡದಾಗ ಇಂಥ ‘ದ’ ಹಚ್ಚೋ ಪದ್ಧತಿನೇ ಇಲ್ಲಲ್ರೀ, ಅದಕ್ಕ ನಮ್ ಕೈಯಾಗ ಅದು ಉದುರಿ ಹೋಗ್ತದ.

ನಾನು ಬಳ್ಳಾರಿಯಾಗ ಒಂದು ಜೀನ್ಸ್ ಯೂನಿಟ್‌ನಾಗ ಲೆಕ್ಕ ಬರಿಯೋನು, ಹೊರಗಿನ ಪಾರ್ಟಿಗಳಿಗೆ ಮೇಲ್ ಹಾಕೋದೂ ನಂದೇ ಕೆಲ್ಸ. ಒಂದ್ಸಲ ಜೆಂಟ್ಸ್ ಪ್ಯಾಂಟ್ ಹಳೇ ಸ್ಟಾಕಿಗೆ ಪೀಸಿಗೆ 20 ರೂಪಾಯಿ ಇಳಿಸು, 28ರಿಂದ 36ರ ತನಕ ಎಲ್ಲಾ ಸೈಜಿಗೂ ಅಂತ ಸಾಹುಕಾರ್ರು ಹೇಳಿದ್ರು, ನಾನು ಸ್ಟೈಲಾಗಿ ‘20 ರುಪೀಸ್ ಲೆಸ್ ಅಕ್ರಾಸ್ ದ ಬೋರ್ಡ್’ ಅಂತ ಬರ್ದು ಕಳಿಸ್ದೆ. ಆ ಪಾರ್ಟಿ ಲೇಡೀಸ್ ಪ್ಯಾಂಟು, ಮಕ್ಕಳ ಪ್ಯಾಂಟು, ಹೊಸ ಲಾಟು ಎಲ್ಲಾದಕ್ಕೂ 20 ಹಿಡ್ಕೊಂಡು ದುಡ್ಡು ಹಾಕಿದ. ಫೋನ್ ಮಾಡಿದ್ರ ‘ನೀವೇ ಬರ್ದೀರಲ್ರೀ’ ಅಂದ. ಅವ್ನು ಅಂದಿದ್ದು ಖರೇನೇ. ‘ಜೆಂಟ್ಸ್ ಓಲ್ಡ್ ಸ್ಟಾಕ್, ಅಕ್ರಾಸ್ ಆಲ್ ಸೈಜಸ್’ ಅಂತ ಬರ್ದಿದ್ರ ಮುಗೀತಿತ್ತು. ಸಾಹುಕಾರ್ರು ಎರಡು ದಿನ ನನ್ನ ಮುಖ ನೋಡ್ಲಿಲ್ಲ.

ನಮ್ಮ ಮಾತಿನಾಗ ಇದಕ್ಕ ಹತ್ರ ಬರೋದು ‘ಸಾರಾಸಗಟು’. ಬಗೆಬಗೆಯವು ಇರ್ಬೇಕು, ಅವ್ರಲ್ಲಿ ಒಂದನ್ನೂ ಬಿಡದಂಗ ಎಲ್ಲಾಕೂ ಹತ್ತಬೇಕು. ಒಂದೇ ಪ್ಯಾಂಟಿನ ರೇಟ್ ಏರಿದ್ರ ಈ ಮಾತು ಹಾಕಂಗಿಲ್ಲ.

‘ಅಕ್ರಾಸ್ ದ ಬೋರ್ಡ್’ ಅನ್ನೋದ್ರ ಮೂಲ ಅಮೆರಿಕದ ಕುದುರಿ ರೇಸಿಂದು. ಒಂದೇ ಕುದುರಿ ಮ್ಯಾಲೆ ಮೊದಲ್ನೇದು ಬರ್ತದ, ಮೊದಲೆರಡ್ರಾಗ ಬರ್ತದ, ಮೊದಲ ಮೂರ್ರಾಗ ಬರ್ತದ ಅಂತ ಮೂರಕ್ಕೂ ಸಮ ದುಡ್ಡು ಕಟ್ಟೋದು, ‘2 ಡಾಲರ್ ಅಕ್ರಾಸ್ ದ ಬೋರ್ಡ್’ ಅಂದ್ರ ಕೈಬಿಡೋದು 6 ಡಾಲರ್. ಅಲ್ಲಿ ಸಮ ಇತ್ತು ಖರೆ, ಆದ್ರ ಈಗ ಬರವಣಿಗ್ಯಾಗ ಈ ಮಾತು ‘ಎಲ್ಲರಿಗೂ’ ಅನ್ನೋದಕ್ಕಷ್ಟೇ ಗ್ಯಾರಂಟಿ, ‘ಅಷ್ಟಷ್ಟೇ’ ಅನ್ನೋದಕ್ಕಲ್ಲ. ಟೈಲರಿಗೆ 10 ಪರ್ಸೆಂಟ್, ಪ್ಯಾಕಿಂಗ್‌ನೋರಿಗೆ 4 ಪರ್ಸೆಂಟ್ ಏರಿಸಿದ್ರೂ ಪಗಾರ ಅಕ್ರಾಸ್ ದ ಬೋರ್ಡ್ ಏರೇತಿ ಅಂತ ಬರೀಬಹುದು. ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಅಂತ ಪ್ಯಾಕಿಂಗ್‌ನೋರು ಬೈತಾರ, ಅದು ಬ್ಯಾರೆ ಮಾತು.

ಹೈಫನ್ನು ಇಷ್ಟೇ: ಕ್ರಿಯಾಪದ ಆದಮ್ಯಾಲೆ ಬಂದ್ರ ಬ್ಯಾಡ, ನಿಮ್ದು ಹಂಗೇ ಐತಿ. ‘ಆ್ಯನ್ ಅಕ್ರಾಸ್-ದ-ಬೋರ್ಡ್ ಹೈಕ್’ ಅಂತ ನಾಮಪದಕ್ಕ ಮುಂಚೆ ಕೂಡಿಸಿದ್ರ ಎರಡು ಹೈಫನ್ ಹಾಕ್ರಿ. ಮತ್ತ ‘ಅಬವ್ ಬೋರ್ಡ್’ ಜೊತಿಗೆ ಕಲಸಬ್ಯಾಡ್ರಿ, ಅದು ಮೋಸ ಇಲ್ದ ವ್ಯವಹಾರ ಅಂತ.

ನಿಮ್ಮಲ್ಲಿ ಎಲ್ಲರಿಗೂ ಒಂದೇ ರೇಟಿನಾಗ ಏರೇತಿ ಅಂದ್ರ ಆ ರೇಟೂ ಬರೀರಿ: ‘ಸ್ಯಾಲರೀಸ್ ವರ್ ಇನ್‌ಕ್ರೀಸ್ಡ್ ಬೈ 8 ಪರ್ಸೆಂಟ್ ಅಕ್ರಾಸ್ ದ ಬೋರ್ಡ್’. 8 ಅಂತ ನಾನು ಸುಮ್ನೆ ಹಾಕೀನಿ, ನಿಮ್ದು ಎಷ್ಟೋ ಅಷ್ಟು ಹಾಕ್ಕೊಳ್ರಿ.