ಎಸ್‌ಎಆರ್ ಅಂಕಿ ಅರ್ಧವಾದರೆ ತಲೆಗೆ ತಾಗುವ ವಿಕಿರಣವೂ ಅರ್ಧವೇ?

ಒಂದು ಫೋನಿನ ಎಸ್‌ಎಆರ್ (ದೇಹವು ರೇಡಿಯೊ ಶಕ್ತಿಯನ್ನು ಹೀರಿಕೊಳ್ಳುವ ದರ) 0.6, ಇನ್ನೊಂದರದು 1.2 ಎಂದಿರುವಾಗ ಮೊದಲನೆಯದರಿಂದ ತಲೆಗೆ ತಾಗುವ ವಿಕಿರಣ ಅರ್ಧದಷ್ಟೇ ಎಂದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಹಾಗೆ ಹೇಳಲಾಗದು. ಅಂಗಾಂಶವು ಪ್ರತಿ ಕಿಲೋಗ್ರಾಂಗೆ ಎಷ್ಟು ವ್ಯಾಟ್ ಶಕ್ತಿಯನ್ನು ಹೀರಿಕೊಳ್ಳುತ್ತದೆ ಎಂಬುದನ್ನು ಸೂಚಿಸುವ ಈ ಅಂಕಿಯನ್ನು, ಅಂಗಾಂಶದ ವಿದ್ಯುತ್ ಗುಣಗಳನ್ನು ಹೋಲುವ ದ್ರವ ತುಂಬಿದ ತಲೆಯಾಕಾರದ ಅಚ್ಚಿಗೆ ಫೋನನ್ನು ಆನಿಸಿ, ಅದು ಗರಿಷ್ಠ ಶಕ್ತಿಯಲ್ಲಿ ಪ್ರಸಾರ ಮಾಡುತ್ತಿರುವಾಗ, ದ್ರವದೊಳಗೆ ಸಣ್ಣ ಶೋಧಕವೊಂದನ್ನು ಚಲಿಸಿ ಅಳೆಯುತ್ತಾರೆ. ಅಂದರೆ ಅದು ಪರೀಕ್ಷೆಯಲ್ಲಿ ಕಂಡ ಅತಿ ಹೆಚ್ಚಿನ ಮೌಲ್ಯವೇ ಹೊರತು ನಿತ್ಯ ಬಳಕೆಯ ಸರಾಸರಿಯಲ್ಲ. ಟವರ್ ಹತ್ತಿರವಿದ್ದಾಗ ಫೋನ್ ತನ್ನ ಪ್ರಸಾರದ ಶಕ್ತಿಯನ್ನು ತಾನೇ ಬಹಳ ತಗ್ಗಿಸಿಕೊಳ್ಳುತ್ತದೆ, ಸಿಗ್ನಲ್ ಕ್ಷೀಣಿಸುವ ನೆಲಮಾಳಿಗೆಯಲ್ಲಿ ಏರಿಸಿಕೊಳ್ಳುತ್ತದೆ. ಆದ್ದರಿಂದ ನೆಲಮಾಳಿಗೆಯಲ್ಲಿರುವ 0.6ರ ಫೋನಿನಿಂದ, ಟವರ್ ಸಮೀಪದ 1.2ರ ಫೋನಿಗಿಂತ ಹೆಚ್ಚು ಶಕ್ತಿ ತಲೆಗೆ ಸೇರಬಹುದು.

ಭಾರತದಲ್ಲಿ 2012ರ ಸೆಪ್ಟೆಂಬರಿನಿಂದ ಫೋನಿನ ಎಸ್‌ಎಆರ್ ಮಿತಿ ಕಿಲೋಗ್ರಾಂಗೆ 1.6 ವ್ಯಾಟ್, ಅದೂ 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ. ಯುರೋಪಿನ ಮಿತಿಯಾದ 2 ಎಂಬುದು 10 ಗ್ರಾಂನ ಸರಾಸರಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ. ನಿಮಗೆ ಆತಂಕವಿದ್ದರೆ ಅಂಕಿ ನೋಡಿ ಫೋನ್ ಬದಲಿಸುವುದಕ್ಕಿಂತ ಇಯರ್‌ಫೋನ್ ಬಳಸುವುದು ಹೆಚ್ಚು ಫಲಕಾರಿ, ಏಕೆಂದರೆ ಆಂಟೆನಾ ಕೆಲವೇ ಸೆಂಟಿಮೀಟರ್ ದೂರ ಸರಿದರೂ ತಲೆಯ ಹೀರಿಕೆ ತೀವ್ರವಾಗಿ ಇಳಿಯುತ್ತದೆ.